ಇದ್ರಲ್ಲಿ ಕೂತ್ಕೊಳ್ಳೋದು ಯಾವಾಗ?

ಕಳೆದ ಭಾನುವಾರ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಪರಿಚಯದವರೊಬ್ಬರ ಮನೆಯ ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ. ದೀಪಾವಳಿ ರಜೆ, ವಿಯೆಟ್ನಾಂ, ಎಂಟು ರಾತ್ರಿ, ಐದು ಜನ. ಹನೋಯ್, ಸಾಪಾ, ಹಾಲಾಂಗ್, ನಿನ್ ಬಿನ್, ಹ್ಯುಯೆ, ದಾನಾಂಗ್, ಬಾನಾ ಬೆಟ್ಟ, ಹೊಯ್ ಆನ್, ಹೋ ಚಿ ಮಿನ್ ನಗರ. ಮಗ ಒಂದೊಂದೇ ಓದಿ ಹೇಳಿದ. ಮುಗಿದ ಮೇಲೆ ಎಪ್ಪತ್ತು ದಾಟಿದ ಅವನ ತಾಯಿ ಕನ್ನಡಕ ತೆಗೆದಿಟ್ಟು ಕೇಳಿದರು: “ಇದ್ರಲ್ಲಿ ಕೂತ್ಕೊಳ್ಳೋದು ಯಾವಾಗ ಮಾರಾಯ?”

“ಗಾಡೀಲಿ ಕೂತೇ ಇರ್ತೀವಲ್ಲ ಅಮ್ಮ.”

ಅಮ್ಮ ಮತ್ತೆ ಮಾತಾಡಲಿಲ್ಲ. ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು.

ಮಗ ಒರಟನಲ್ಲ. ಸಿಕ್ಕಿದ್ದೇ ಎಂಟು ದಿನ ರಜೆ, ಅಮ್ಮನಿಗೆ ಎಲ್ಲವನ್ನೂ ತೋರಿಸಿಬಿಡಬೇಕು ಎಂಬ ಆಸೆಯಿಂದಲೇ ಆ ಪಟ್ಟಿ ಬೆಳೆದದ್ದು. ಕೊಲ್ಲೂರು, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲವನ್ನೂ ಎರಡೇ ದಿನದಲ್ಲಿ ಮುಗಿಸಿ ಬರುವ ಊರಿನವರು ನಾವು. ಅದೇ ಲೆಕ್ಕ ವಿದೇಶಕ್ಕೂ ಬರುತ್ತದೆ. ಆದರೆ ಅಲ್ಲಿ ಬಾಡಿಗೆ ಜೀಪು ಮನೆ ಬಾಗಿಲಿಂದ ದೇವಸ್ಥಾನದ ಬಾಗಿಲಿಗೆ ಹೋಗುತ್ತದೆ. ಇಲ್ಲಿ ನಡುವೆ ವಿಮಾನ ನಿಲ್ದಾಣವಿದೆ.

ಹನೋಯ್‌ನಿಂದ ದಾನಾಂಗ್‌ಗೆ ವಿಮಾನ ಒಂದು ಗಂಟೆ ಇಪ್ಪತ್ತು ನಿಮಿಷ. ಹಾಳೆಯಲ್ಲಿ ಬರೆದದ್ದೂ ಅಷ್ಟೇ. ಆದರೆ ಹಳೇ ಪೇಟೆಯ ಹೋಟೆಲಿನಿಂದ ನೊಯ್ ಬಾಯ್ ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ಹೊರಡುವ ಎರಡು ಗಂಟೆ ಮೊದಲೇ ಅಲ್ಲಿರಬೇಕು, ಇಳಿದ ಮೇಲೆ ಸಾಮಾನಿಗೆ ಅರ್ಧ ಗಂಟೆ. ಹೊಯ್ ಆನ್‌ನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ದಾನಾಂಗ್‌ನಿಂದ 30 ಕಿ.ಮೀ. ರಸ್ತೆಗೆ ಇನ್ನೊಂದು ಮುಕ್ಕಾಲು ಗಂಟೆ. ಒಟ್ಟು ಹತ್ತಿರಹತ್ತಿರ ಐದೂವರೆ ಗಂಟೆ. ಬೇಗ ಮುಟ್ಟಿದರೂ ಹೋಟೆಲಿನವರು ಸಾಮಾನ್ಯವಾಗಿ ರೂಮು ಕೊಡುವುದು ಮಧ್ಯಾಹ್ನ ಎರಡರ ಮೇಲೆ. ದಾದರಿಗೆ ಹೋಗಲು ರಿಕ್ಷಾದ ಸಾಲು, ಬ್ರಿಜ್ ಹತ್ತುವ ಹೊತ್ತು, ಬಿಟ್ಟುಹೋಗುವ ಒಂದು ಫಾಸ್ಟ್ ಲೋಕಲ್ ರೈಲು ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುವ ಡೊಂಬಿವಲಿಯವರು ವಿದೇಶದ ದಾರಿಗೆ ಮಾತ್ರ ವಿಮಾನ ಹಾರುವ ಹೊತ್ತನ್ನಷ್ಟೇ ಹಿಡಿಯುವುದು ನೋಡಿದರೆ ಸಂಕಟವಾಗುತ್ತದೆ. ಹೋಟೆಲು ಬದಲಿಸಿದಾಗಲೆಲ್ಲ ಅರ್ಧ ದಿನ ಹೋಯಿತು ಎಂದೇ ಹಿಡಿಯಬೇಕು. ಆ ಹಾಳೆಯಲ್ಲಿ ಆರು ಸಲ ಬದಲಾವಣೆ ಇತ್ತು; ಎಂಟರಲ್ಲಿ ಮೂರು ದಿನ ಬರೀ ಪೆಟ್ಟಿಗೆ ಕಟ್ಟಿ ಬಿಚ್ಚುವುದಕ್ಕೆ. ಸಾಪಾ ಅಂತೂ ಹನೋಯ್‌ನಿಂದ ಬಸ್ಸಿನಲ್ಲಿ ಸುಮಾರು ಆರು ಗಂಟೆ, ವಾಪಸು ಬರಲು ಇನ್ನಾರು. ಮೊದಲು ಹೊಡೆದುಹಾಕಬೇಕಾದದ್ದು ಅದು.

ಇದಕ್ಕಿಂತ ದೊಡ್ಡ ತೊಂದರೆ ಮಳೆ. ವಿಯೆಟ್ನಾಂ ಉದ್ದನೆಯ ದೇಶ. ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ ರೈಲು ಹಾದಿ 1,726 ಕಿ.ಮೀ. ಅಷ್ಟುದ್ದಕ್ಕೂ ಒಂದೇ ಹವೆ ಇರುವುದಿಲ್ಲ. ನಮ್ಮ ದೀಪಾವಳಿಯ ಹೊತ್ತಿಗೆ ಉತ್ತರದಲ್ಲಿ ಒಣಹವೆ, ಹಿತವಾದ ತಂಪು. ದಕ್ಷಿಣದಲ್ಲಿ ಮಳೆ ಮುಗಿಯುತ್ತ ಬಂದಿರುತ್ತದೆ. ಆದರೆ ನಡುನಾಡಿಗೆ, ಅಂದರೆ ಹ್ಯುಯೆ, ದಾನಾಂಗ್, ಹೊಯ್ ಆನ್‌ಗೆ, ಅಕ್ಟೋಬರ್ ನವೆಂಬರ್‌ಗಳೇ ಜೋರು ಮಳೆಗಾಲ. ಥು ಬೊನ್ ಹೊಳೆ ಉಕ್ಕಿದರೆ ಹೊಯ್ ಆನ್‌ನ ಹಳೇ ಬೀದಿಗಳಲ್ಲಿ ದೋಣಿ ಓಡುತ್ತವೆ. ಎರಡು ದೊಡ್ಡ ಕೈಗಳು ಎತ್ತಿಹಿಡಿದಂತಿರುವ ಬಾನಾ ಬೆಟ್ಟದ ಸೇತುವೆ ಮೋಡದೊಳಗೆ ಸೇರಿಬಿಟ್ಟರೆ ಕೇಬಲ್ ಕಾರಿಗೆ ಕೊಟ್ಟ ದುಡ್ಡು ನೀರಿಗೆ. ಮುಂಬಯಿಯ ಟೂರ್‌ನವರು ದೀಪಾವಳಿಗೂ ಇದನ್ನೇ ಮಾರುತ್ತಾರೆ, ರಜೆ ಇರುವುದು ಆಗಲೇ ಎಂದು. ಗೊತ್ತಿದ್ದೂ ಮಾರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ಮಗನೂ ನಾನೂ ಕೂತು ಹಾಳೆ ತಿದ್ದುವಾಗ ನಡುನಾಡನ್ನು ಪೂರ್ತಿ ಬಿಟ್ಟೆವು. ಇನ್ನೊಮ್ಮೆ ಮಕ್ಕಳ ಬೇಸಿಗೆ ರಜೆಯಲ್ಲಿ ಹೋಗಲಿ. ಆಗ ಅಲ್ಲಿ ಸೆಖೆ ಇದ್ದರೂ ಮಳೆ ಕಡಿಮೆ. ಹೊಯ್ ಆನ್‌ನಿಂದ ಸುಮಾರು 40 ಕಿ.ಮೀ. ದೂರದ ಮೀ ಸನ್‌ಗೆ ಬೆಳಗಿನ ತಂಪಿನಲ್ಲೇ ಹೊರಟರೆ ಅಲ್ಲಿನ ಹಳೇ ಚಂಪಾ ರಾಜ್ಯದ ಅರಸರ ಇಟ್ಟಿಗೆಯ ಶಿವಾಲಯಗಳನ್ನು ಪುರುಸೊತ್ತಿನಲ್ಲಿ ನೋಡಬಹುದು. ನಾಲ್ಕನೆಯ ಶತಮಾನದ ಭದ್ರವರ್ಮ ಅಲ್ಲಿ ನೆಲೆಗೊಳಿಸಿದ ಶಿವನ ಹೆಸರು ಭದ್ರೇಶ್ವರ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ಕಟ್ಟಿಸಿದ ಗುಡಿ ವಿಜಯೇಶ್ವರ ಆದ ಹಾಗೆಯೇ. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ 2020ರಲ್ಲಿ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಬಾನಾ ಬೆಟ್ಟದ ಅವಸರದಲ್ಲಿ ಅರ್ಧ ತಾಸಿನಲ್ಲಿ ಮುಗಿಸುವ ಜಾಗವಲ್ಲ ಅದು.

ಉಳಿದದ್ದು ಹೀಗೆ. ಹನೋಯ್ ಎರಡು ರಾತ್ರಿ, ಹಾಲಾಂಗ್ ಕೊಲ್ಲಿಯ ಹಡಗಿನಲ್ಲಿ ಒಂದು, ನಿನ್ ಬಿನ್ ಎರಡು, ಹೋ ಚಿ ಮಿನ್ ನಗರ ಮೂರು. ಹೋಗುವಾಗ ಹನೋಯ್‌ನಲ್ಲಿ ಇಳಿದು ಬರುವಾಗ ದಕ್ಷಿಣದಿಂದ ಹತ್ತುವುದು. ಎರಡೂ ಕಡೆಗೆ ಒಂದೇ ಊರಿನ ಟಿಕೆಟ್ ತೆಗೆದರೆ ವಾಪಸು ಹೋಗಲು ಇನ್ನೊಂದು ವಿಮಾನ, ಇನ್ನರ್ಧ ದಿನ ದಂಡ. ಹನೋಯ್‌ನಲ್ಲಿರುವ ಹೋ ಚಿ ಮಿನ್ ಸಮಾಧಿ ತೆರೆದಿರುವುದು ಬೆಳಿಗ್ಗೆ ಮಾತ್ರ, ಸೋಮವಾರ ಶುಕ್ರವಾರ ಮುಚ್ಚಿರುತ್ತದೆ. ಹಾಳೆಯಲ್ಲಿ ಅದು ಶುಕ್ರವಾರವೇ ಇತ್ತು. ಬಿರುಗಾಳಿಯ ಮುನ್ಸೂಚನೆ ಬಂದರೆ ಬಂದರಿನವರು ಹಡಗು ಬಿಡುವುದಿಲ್ಲ, ಆದ್ದರಿಂದ ಹಣ ವಾಪಸು ಕೊಡುವ ಷರತ್ತನ್ನು ಓದಿಯೇ ಹಡಗು ಗೊತ್ತುಮಾಡಬೇಕು.

ಇ-ವೀಸಾಕ್ಕೆ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ತಿರಸ್ಕಾರವಾದರೂ ಅದು ವಾಪಸು ಬರುವುದಿಲ್ಲ. ನಮ್ಮವರು ಎಡವುವುದು ಹೆಸರಿನಲ್ಲಿ. ಆಧಾರಿನಲ್ಲಿ ಊರಿನ ಹೆಸರಿನ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಟಿಕೆಟಿನಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ವೀಸಾದಲ್ಲೂ ಟಿಕೆಟಿನಲ್ಲೂ ಇರಬೇಕು, ಒಂದಕ್ಷರವೂ ಆಚೀಚೆ ಆಗಬಾರದು. ನೋಟುಗಳಲ್ಲಿ 20,000 ಡಾಂಗ್ ನೀಲಿ, 5,00,000 ಡಾಂಗ್ ಕೂಡ ನೀಲಿ. ಟ್ಯಾಕ್ಸಿಯ ಮಬ್ಬುಬೆಳಕಿನಲ್ಲಿ ಸೊನ್ನೆ ಎಣಿಸಿಯೇ ಕೊಡಬೇಕು. ಊಟಕ್ಕೆ ‘ಚಾಯ್’ ಎಂಬ ಪದ ಸಾಕು: ‘ಕಮ್ ಚಾಯ್’ ಎಂದು ಬೋರ್ಡಿದ್ದರೆ ಅದು ಸಸ್ಯಾಹಾರಿ ಊಟದ ಅಂಗಡಿ. ಬೇರೆ ಕಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ.

ಇಷ್ಟೆಲ್ಲ ತಿದ್ದಿದ್ದಾಯಿತು. ಆದರೂ ವಾರವಿಡೀ ಕಿವಿಯಲ್ಲಿ ಉಳಿದದ್ದು ಆ ಪ್ರಶ್ನೆಯೇ. “ಇದ್ರಲ್ಲಿ ಕೂತ್ಕೊಳ್ಳೋದು ಯಾವಾಗ ಮಾರಾಯ?” ಅಮ್ಮ ಮಂಡಿನೋವಿಗೆ ಕೇಳಿದ್ದು ಎಂದು ಮಗ ತಿಳಿದ. ಹಾಗಲ್ಲ. ಊರಿಗೆ ಹೋದರೆ ಜಗಲಿಯಲ್ಲಿ ಕೂತು ಹಾದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವ ಜೀವ ಅದು. ನೋಡುವುದು ಎಂದರೆ ಅವರಿಗೆ ಅದು. ಹನೋಯ್‌ನ ಗಲ್ಲಿಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಅಜ್ಜಿಯರು ಕೂತೇ ಇರುತ್ತಾರೆ. ಅವರ ಪಕ್ಕ ಒಂದು ತಾಸು ಕೂತರೆ ಇವರಿಗೆ ಭಾಷೆ ಇಲ್ಲದೆಯೂ ಆ ದೇಶ ಅರ್ಥವಾದೀತು. ಸೊಸೆಗೆ ಇದು ಗೊತ್ತಿತ್ತು ಅನಿಸುತ್ತದೆ. ಅವಳು ಅತ್ತೆಯ ಮುಖವನ್ನೇ ನೋಡುತ್ತಿದ್ದಳು, ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

ನಿನ್ ಬಿನ್‌ನ ಎರಡನೆಯ ದಿನಕ್ಕೆ ಒಂದೇ ಒಂದು ಕೆಲಸ ಬರೆದಿದ್ದೆವು: ಬೆಳಿಗ್ಗೆ ಹಾಂಗ್ ಮುವಾ ಗುಡ್ಡ, ಸುಮಾರು 500 ಮೆಟ್ಟಿಲು. ಮಧ್ಯಾಹ್ನದ ಮೇಲೆ ಖಾಲಿ. ಗುರುವಾರ ರಾತ್ರಿ ಮಗ ಫೋನು ಮಾಡಿದ. ನಾವು ಹತ್ತಿ ಇಳಿಯುವಷ್ಟು ಹೊತ್ತು ಅಮ್ಮ ಕೆಳಗೆ ಕೂರಲು ಜಾಗವಿದೆಯಾ ಎಂದು ಕೇಳಿದ. ಇದೆ ಎಂದೆ. ಬುಡದಲ್ಲೇ ತಾವರೆಕೊಳವಿದೆ. ದೀಪಾವಳಿಗೆ ಹೂವು ಇರುತ್ತದೋ ಇಲ್ಲವೋ ಗೊತ್ತಿಲ್ಲ ಎಂದೂ ಹೇಳಿದೆ.

“ಪರವಾಗಿಲ್ಲ,” ಅಂದ. “ಅಮ್ಮ ಜನ ನೋಡ್ತಾಳೆ.”