ಕತ್ತರಿ ಲಿಫ್ಟ್: ಏಳುವ ಹೊತ್ತಿನ ಭಾರ

ಮೊದಲ ವಾರ

ಸ್ಪರ್ಧೆ ಶುರುವಾಗುವಾಗ ರೋಬೋಟ್ 18 ಇಂಚಿನ ಘನದೊಳಗೆ ಅಡಗಿರಬೇಕು. ಅದಕ್ಕಾಗಿ ಮಡಚಿಕೊಳ್ಳುವ ಕತ್ತರಿ ಲಿಫ್ಟನ್ನು ಆರಿಸಿಕೊಂಡೆವು: ಕತ್ತರಿಯಂತೆ ಅಡ್ಡಹಾಯ್ದ ಪಟ್ಟಿಗಳು ಮೇಲಿನ ಹಲಗೆಯನ್ನು ಎತ್ತುತ್ತವೆ. 400 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿಗಳು, ಎರಡು ಅಂತಸ್ತು. ಹಲಗೆ ಮತ್ತು ಹೊರೆ ಸೇರಿ 2 ಕೆ.ಜಿ. ಲೀಡ್ ಸ್ಕ್ರೂ (ಮೋಟಾರು ತಿರುಗಿಸುವ ಉದ್ದನೆಯ ತಿರುಪು ಸರಳು) ಕೆಳಗಿನ ಕಾಲುಗಳನ್ನು ಒಂದಕ್ಕೊಂದು ಹತ್ತಿರಕ್ಕೆಳೆದರೆ ಹಲಗೆ ಮೇಲೇಳುತ್ತದೆ.

ಮೊದಲ ಪರೀಕ್ಷೆಯಲ್ಲಿ ಮೋಟಾರು ಗುಂಯ್ಗುಟ್ಟಿತು, ಹಲಗೆ ಕದಲಲಿಲ್ಲ. ಪಟ್ಟಿಗಳನ್ನು ನೆಲಕ್ಕೆ ಸುಮಾರು 5 ಡಿಗ್ರಿ ಕೋನದವರೆಗೆ ಚಪ್ಪಟೆಯಾಗಿ ಮಡಚಿದ್ದೆವು. ಆ ಸಂಜೆ ಕಾಗದ ಹಿಡಿದು ಕೂತೆ. ಬೇಕಾದ ಅಡ್ಡಬಲವೆಂದರೆ ಹೊರೆಯ ತೂಕವನ್ನು ಅಂತಸ್ತುಗಳ ಸಂಖ್ಯೆಯಿಂದ ಗುಣಿಸಿ, ಪಟ್ಟಿಯ ಕೋನದ ಟ್ಯಾಂಜೆಂಟ್‌ನಿಂದ ಭಾಗಿಸಿದಷ್ಟು. 5 ಡಿಗ್ರಿಯಲ್ಲಿ ಅದು ಸುಮಾರು 450 ನ್ಯೂಟನ್! 15 ಡಿಗ್ರಿಯಲ್ಲಿ 146, 60 ಡಿಗ್ರಿಯಲ್ಲಿ ಬರೀ 23. ಮಲಗಿದ್ದನ್ನು ಎಬ್ಬಿಸುವುದೇ ಕಷ್ಟ, ಎದ್ದ ಮೇಲೆ ಹಗುರ. ಹೀಗಾಗಿ 15 ಡಿಗ್ರಿಗಿಂತ ಕೆಳಗೆ ಇಳಿಯದಂತೆ ತಡೆ ಕೂರಿಸಿದೆವು. ಮಡಚಿದಾಗಿನ ಎತ್ತರ 137 ಮಿ.ಮೀ. ಹೆಚ್ಚಿತು, ಆ ಜಾಗವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಆದರೂ ಕೊಟ್ಟೆವು.

ಎರಡನೇ ವಾರ

8 ಮಿ.ಮೀ. ಲೀಡ್‌ನ (ಒಂದು ಸುತ್ತಿಗೆ ಅಷ್ಟು ದೂರ ಸರಿಸುವ) ಸ್ಕ್ರೂ ಹಲಗೆಯನ್ನು ಐದು ಸೆಕೆಂಡಿನೊಳಗೆ ಮೇಲೇರಿಸಿತು. ಆದರೆ ವಿದ್ಯುತ್ ನಿಲ್ಲಿಸಿದೊಡನೆ ಹೊರೆಯೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಕೆಳಗಿಳಿಯಿತು. 2 ಮಿ.ಮೀ. ಲೀಡ್‌ನದನ್ನು ಹಾಕಿದರೆ ನಿಂತಲ್ಲೇ ನಿಂತಿತು, ಏರಲು ಮಾತ್ರ ಸುಮಾರು 19 ಸೆಕೆಂಡು. ಆಟದಲ್ಲಿ ಅಷ್ಟು ಹೊತ್ತು ಕಾಯಲಾಗದು. ಹಳೆಯ ಸ್ಕ್ರೂವನ್ನೇ ಮತ್ತೆ ಕೂರಿಸಿದೆವು.

ತೂಗಾಟವೂ ಕಾಡಿತು. 6.5 ಮಿ.ಮೀ. ರಂಧ್ರದಲ್ಲಿ 6 ಮಿ.ಮೀ. ಬೋಲ್ಟ್ ಹಾಕಿದ್ದೆವು, ಪ್ರತಿ ಕೀಲಿನ ಸಡಿಲ ಸೇರಿ ಮೇಲೆ ದೊಡ್ಡ ಓಲಾಟವಾಗುತ್ತಿತ್ತು. ರಂಧ್ರದ ಸಡಿಲ ತುಂಬುವ ಹಿತ್ತಾಳೆ ಬುಷ್ ಮತ್ತು ಎಡಬಲ ಕತ್ತರಿಗಳ ನಡುವಿನ ಅಡ್ಡಸಲಾಕೆಗಳಿಂದ ಬಹುಮಟ್ಟಿಗೆ ಹತೋಟಿಗೆ ಬಂತು.

ಮೂರನೇ ವಾರ

ಈ ವಾರದ ಖುಷಿಯೆಲ್ಲ ಸ್ಪ್ರಿಂಗಿನದು. ಕಾಲುಗಳ ನಡುವೆ ಎಳೆತದ ಸ್ಪ್ರಿಂಗ್ ಕಟ್ಟಿದರೆ, ಲಿಫ್ಟ್ ಮಲಗಿದಾಗ ಅದು ಅತಿ ಹೆಚ್ಚು ಹಿಗ್ಗಿರುತ್ತದೆ. ಬಲ ಬೇಕಾದ ಕಡೆಯೇ ಬಲ ಕೊಡುತ್ತದೆ! ಮೊದಲು ಕೆಳಗೆ ಒಟ್ಟು 100 ನ್ಯೂಟನ್ ಎಳೆಯುವ ಜೋಡಿಯನ್ನು ಕಟ್ಟಿದೆವು. 30 ಡಿಗ್ರಿ ದಾಟಿದ ಮೇಲೆ ಹಲಗೆ ತಾನಾಗಿಯೇ ಏರತೊಡಗಿತು: ಬೇಕಾದ ಬಲ ಕಡಿದಾಗಿ ಇಳಿಯುತ್ತದೆ, ಸ್ಪ್ರಿಂಗಿನ ಬಲ ಸರಳರೇಖೆಯಲ್ಲಿ ನಿಧಾನವಾಗಿ ಇಳಿಯುತ್ತದೆ. ಕೆಳಗೆ 80, ಏರಿಕೆಯ ತುದಿಯಲ್ಲಿ (60 ಡಿಗ್ರಿಯಲ್ಲಿ) 10 ನ್ಯೂಟನ್ ಕೊಡುವ ಜೋಡಿ 30ರಿಂದ 45 ಡಿಗ್ರಿಯವರೆಗೆ ಹೊರೆಯನ್ನು ಹೆಚ್ಚುಕಡಿಮೆ ಸರಿಗಟ್ಟಿತು. ತುದಿಯಲ್ಲಿ ಉಳಿಯುವ 13 ನ್ಯೂಟನ್ನಿಗೆ ಸ್ಕ್ರೂವಿನ ಘರ್ಷಣೆಯೇ ಸಾಕಾಯಿತು. ವಿದ್ಯುತ್ ತೆಗೆದು ನೋಡಿದೆವು, ಹಲಗೆ ಅಲ್ಲೇ ನಿಂತಿತು. ತಂಡದವರೆಲ್ಲ ಒಂದು ಗಳಿಗೆ ಮಾತಿಲ್ಲದೆ ನೋಡುತ್ತ ನಿಂತೆವು.

ಹೊರೆ ಇಲ್ಲದ ಬರೀ ಹಲಗೆಯನ್ನು ಈ ಸ್ಪ್ರಿಂಗ್‌ಗಳು ತಾವಾಗಿ ಎತ್ತಲು ನೋಡುತ್ತವೆ. ಅದನ್ನು ಕೆಳಗೇ ಹಿಡಿದಿಡಲು ಸರ್ವೋ ಮೋಟಾರಿನಿಂದ ಬಿಚ್ಚಿಕೊಳ್ಳುವ ಕೊಕ್ಕೆಯೊಂದರ ನಕ್ಷೆ ಬರೆಯುತ್ತಿದ್ದೇನೆ. ಮೊದಲ ಮಾದರಿಯನ್ನು ರಟ್ಟಿನಲ್ಲಿ ಕತ್ತರಿಸಿ ಆಗಿದೆ.