ನಿಂತಲ್ಲೇ ನೆರವಾದ ಕ್ಯಾರವಾನ್

ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಂತಿರುವ ಬಿಳಿಯ ಟೆಂಪೋ ಟ್ರಾವೆಲರನ್ನು ಮೈಸೂರಿನ ನಮ್ಮ ಬೀದಿಯವರು ‘ಶೂಟಿಂಗ್ ಗಾಡಿ’ ಎಂದೇ ಕರೆಯುತ್ತಾರೆ. ಎರಡು ಮಂಚ, ಒಂದು ಒಲೆ, ಪುಟ್ಟ ಫ್ರಿಜ್ ಮತ್ತು ಒಬ್ಬರು ಕಷ್ಟಪಟ್ಟು ತಿರುಗಬಹುದಾದಷ್ಟು ಬಚ್ಚಲು ಇರುವ ಈ ಕ್ಯಾರವಾನನ್ನು ನಾವು ಮಾಡಿಸಿದ್ದು ಕೋವಿಡ್ ಇಳಿಮುಖವಾಗುತ್ತಿದ್ದ ದಿನಗಳಲ್ಲಿ, ಊರು ಸುತ್ತುವ ಆಸೆಯಿಂದ. ಶ್ವಾಸಕೋಶದ ತೊಂದರೆಯಿರುವ ಮಾವನವರನ್ನು ಹೋಟೆಲ್ ಕೋಣೆಗಳಲ್ಲಿ ಉಳಿಸಲು ಆಗ ಯಾರಿಗೂ ಧೈರ್ಯವಿರಲಿಲ್ಲ. ಅದನ್ನು ಮನೆಯ ಆಪತ್ಕಾಲದ ಸಿದ್ಧತೆಗೆ ಸೇರಿಸಿಕೊಂಡದ್ದು ಆಮೇಲೆ. ಆ ಸಿದ್ಧತೆ ನಿಜಕ್ಕೂ ಪರೀಕ್ಷೆಗೆ ಒಳಗಾದದ್ದು ಏಪ್ರಿಲ್ ತಿಂಗಳ ಒಂದು ಗಾಳಿಮಳೆಯಲ್ಲಿ.

ಆಪತ್ತು ಎಂದೊಡನೆ ಗಾಡಿ ಹತ್ತಿ ಹೊರಟುಬಿಡಬಹುದು ಎಂಬುದು ನಮ್ಮ ಯಜಮಾನರ ಲೆಕ್ಕಾಚಾರವಾಗಿತ್ತು. ನನಗೆ ಅದು ಎಂದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ನೀರು ನಿಂತಾಗ, ಇಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ನಂಜನಗೂಡಿನಲ್ಲಿದ್ದ ನಾದಿನಿಯ ಮನೆಗೆ ನಾವು ಹೋಗುವಂತಿರಲಿಲ್ಲ, ಅವರು ಇಲ್ಲಿಗೆ ಬರುವಂತಿರಲಿಲ್ಲ. ಹರಿಯುವ ನೀರು ಎರಡು ಅಡಿ ಏರಿದರೆ ಸಾಕು, ಬಹುತೇಕ ವಾಹನಗಳನ್ನು ಎತ್ತಿ ಪಕ್ಕಕ್ಕೆ ಒಯ್ಯುತ್ತದೆ. ಕ್ಯಾರವಾನ್ ಎತ್ತರವಾಗಿದೆ, ಭಾರವಾಗಿದೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಹೊರಡುವುದಾದರೆ ಅಣೆಕಟ್ಟೆಯಿಂದ ನೀರು ಬಿಡುವ ಮುನ್ಸೂಚನೆ ಬಂದ ಹೊತ್ತಿಗೇ ಹೊರಡಬೇಕು. ಶ್ರೀರಂಗಪಟ್ಟಣದ ನದಿ ದಡದಲ್ಲಿ ಮನೆಯಿರುವವರಿಗೆ ಆ ಯೋಚನೆ ಅಗತ್ಯ. ಮೈಸೂರು ನಗರದೊಳಗೆ ನದಿ ಹರಿಯುವುದಿಲ್ಲ. ನಮ್ಮಂಥವರ ಮನೆಗೆ ಬರುವ ಆಪತ್ತು ಹೆಚ್ಚಾಗಿ ಕರೆಂಟಿನದು, ಅದರ ಬೆನ್ನಿಗೆ ನೀರಿನದು, ಮುದುಕರಿರುವ ಮನೆಯಲ್ಲಿ ಔಷಧಿಯದು.

ಆ ದಿನ ಮಧ್ಯಾಹ್ನವೆಲ್ಲ ಬೆಂಕಿಯಂಥ ಬಿಸಿಲು. ನಾಲ್ಕೂವರೆಯ ನಂತರ ಚಾಮುಂಡಿ ಬೆಟ್ಟದ ಕಡೆಯಿಂದ ಕಪ್ಪು ಮೋಡ ಎದ್ದು, ಧೂಳುಗಾಳಿ ಬೀಸಿ, ಆಲಿಕಲ್ಲಿನೊಂದಿಗೆ ಮಳೆ ಹೊಯ್ಯತೊಡಗಿತು. ಬೀದಿಯ ತಿರುವಿನಲ್ಲಿದ್ದ ಹಳೆಯ ಕತ್ತಿಕಾಯಿ ಮರ, ಬುಡದ ಸುತ್ತ ಕಾಂಕ್ರೀಟ್ ಸುರಿಸಿಕೊಂಡು ಬೇರಿಗೆ ಉಸಿರಿಲ್ಲದೆ ನಿಂತಿದ್ದ ಮರ, ರಸ್ತೆಗೆ ಅಡ್ಡಲಾಗಿ ಬಿತ್ತು. ಬೀಳುವಾಗ ವಿದ್ಯುತ್ ಕಂಬವನ್ನೂ ಎಳೆದುಕೊಂಡಿತು. ಮಾವನವರ ಕೋಣೆಯಲ್ಲಿದ್ದ ಆಮ್ಲಜನಕದ ಯಂತ್ರ ನಿಂತು ಕೀ... ಎಂದು ಒಂದೇ ಸಮನೆ ಕೂಗಿಕೊಂಡಿತು.

ಆ ಯಂತ್ರದ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಇಡೀ ಸಿದ್ಧತೆ ನಿಂತಿರುವುದು ಅದರ ಮೇಲೆ. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ, ನಿಮಿಷಕ್ಕೆ ಐದು ಲೀಟರ್ ಸಾಮರ್ಥ್ಯದ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಕೇಳುತ್ತದೆ, ಮತ್ತು ನಮ್ಮಲ್ಲಿರುವಂಥ ಯಂತ್ರಗಳಲ್ಲಿ ಹರಿವನ್ನು ಎರಡು ಲೀಟರಿಗೆ ಇಳಿಸಿದರೂ ಒಳಗಿನ ಕಂಪ್ರೆಸರ್ ಅಷ್ಟೇ ಕರೆಂಟು ಎಳೆಯುತ್ತದೆ. ಮೈಸೂರಿನ ಮನೆಗಳಲ್ಲಿ ಸಾಮಾನ್ಯವಾಗಿರುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯ ಯುಪಿಎಸ್ ದೀಪಕ್ಕೆ, ಫ್ಯಾನಿಗೆ ಹೇಳಿ ಮಾಡಿಸಿದ್ದು. ಬ್ಯಾಟರಿ ಬೇಗ ಹಾಳಾಗದಂತೆ ಅರ್ಧದಷ್ಟನ್ನೇ ಬಳಸುವುದಾದರೆ ಈ ಯಂತ್ರವನ್ನು ಅದು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ನಡೆಸೀತು, ಅಷ್ಟೆ. ಕ್ಯಾರವಾನಿನಲ್ಲಿರುವುದು 200 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು. ಲೆಕ್ಕಕ್ಕೆ ಐದು ಯೂನಿಟ್. ಇನ್ವರ್ಟರಿನಲ್ಲಿ ಸೋರಿಹೋಗುವುದನ್ನೂ ತಳದಲ್ಲಿ ಉಳಿಸಬೇಕಾದುದನ್ನೂ ಕಳೆದರೆ ನಾಲ್ಕು. ಎಂದರೆ ಒಂದು ಇಡೀ ರಾತ್ರಿ ಧೈರ್ಯವಾಗಿ ಕಳೆಯಬಹುದು.

ನಾನು ಮೊದಲು ಮಾಡಿದ್ದು ಗೋಡೆಗೆ ಪಟ್ಟಿಯಿಂದ ಬಿಗಿದಿದ್ದ ಬಿ ಟೈಪ್ ಆಮ್ಲಜನಕ ಸಿಲಿಂಡರಿನ ಕೀಲಿ ತಿರುಗಿಸಿ, ಒತ್ತಡ ತೋರಿಸುವ ಮುಳ್ಳು ಮೇಲೇರಿತೇ ಎಂದು ಟಾರ್ಚಿನ ಬೆಳಕಿನಲ್ಲಿ ನೋಡಿ, ಮೂಗಿನ ನಳಿಗೆಯನ್ನು ಅದಕ್ಕೆ ಜೋಡಿಸಿದ್ದು. ಅದರಲ್ಲಿ ಹಿಡಿಯುವುದು ಸುಮಾರು 1500 ಲೀಟರ್ ಆಮ್ಲಜನಕ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆಯ ಮಾತು. ಅದನ್ನು ಪೂರ್ತಿ ಖರ್ಚು ಮಾಡಿ ಕುಳಿತರೆ ಮುಂದಿನ ಆಪತ್ತಿಗೆ ಏನೂ ಉಳಿಯುವುದಿಲ್ಲವಾದ್ದರಿಂದ, ಗಾಡಿಯಿಂದ ತಂತಿ ಎಳೆಯುವವರೆಗೆ ಮಾತ್ರ ಅದು.

“ನನಗೇನೂ ಆಗಿಲ್ಲ ಕಣಮ್ಮ, ಮೊದಲು ಆ ಕಿಟಕಿ ಹಾಕು, ಮಳೆ ಒಳಗೆ ಹೊಡೀತಿದೆ” ಎಂದರು ಮಾವನವರು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. “ಗಾಡಿ ಇದ್ಯಲ್ಲೋ, ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು” ಎಂದು ಮಗನಿಗೆ ಹೇಳುತ್ತಲೇ ಇದ್ದರು. “ಎಲ್ಲಿಗಮ್ಮ ಹೋಗೋದು, ರಸ್ತೆ ತುಂಬಾ ಮರ ಬಿದ್ದಿದೆ” ಎಂದು ಅವರು ಉತ್ತರಿಸಿದಾಗ ನನ್ನ ಹಳೆಯ ವಾದಕ್ಕೆ ನಾನು ಬಯಸದಿದ್ದ ಬೆಂಬಲ ಸಿಕ್ಕಿತು. ಮಾವನವರ ಉಸಿರು ಏರಿದ್ದರೆ 112ಕ್ಕೆ ಕರೆ ಮಾಡಿ, ಮರದ ಆಚೆ ಬದಿಗೆ ಆಂಬುಲೆನ್ಸ್ ಬರಿಸಿ, ಕುರ್ಚಿಯಲ್ಲಿ ಎತ್ತಿಕೊಂಡು ದಾಟಬೇಕಾಗುತ್ತಿತ್ತು. ಅದೃಷ್ಟಕ್ಕೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಂದಿನ ಅಂಕಿಯನ್ನೇ ತೋರಿಸುತ್ತಿತ್ತು.

ಮಳೆ ಹನಿಯುವಷ್ಟಕ್ಕೆ ಇಳಿದ ಮೇಲೆ ಯಜಮಾನರು ಗಾಡಿಯ ಇನ್ವರ್ಟರಿನಿಂದ ದಪ್ಪ ತಂತಿಯನ್ನು ಕಿಟಕಿಯ ಮೂಲಕ ತಂದು ನೇರವಾಗಿ ಯಂತ್ರಕ್ಕೇ ಕೊಟ್ಟರು. ಗೋಡೆಯ ಸಾಕೆಟ್ಟಿಗೆ ಎರಡೂ ಕಡೆ ಪಿನ್ ಇರುವ ತಂತಿ ಚುಚ್ಚಿ ಇಡೀ ಮನೆಗೆ ಕರೆಂಟು ಹರಿಸುವ ‘ಜುಗಾಡ್’ ಕೆಲವರು ಮಾಡುತ್ತಾರೆ. ಹಾಗೆ ಮಾಡಿದರೆ ಕರೆಂಟು ಹಿಮ್ಮುಖವಾಗಿ ಬೀದಿಯ ತಂತಿಗೆ ಹೋಗಿ, ಕಂಬ ಸರಿಪಡಿಸಲು ಹತ್ತಿದ ಲೈನ್‌ಮನ್‌ನ ಜೀವಕ್ಕೇ ಕುತ್ತು ಬರಬಹುದು. ತಂತಿ ಕೊಟ್ಟ ಮರುಗಳಿಗೆ ಯಂತ್ರ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ಎಂದಿನ ಲಯಕ್ಕೆ ಬಂದಿತು. ಶುದ್ಧ ಸೈನ್ ತರಂಗದ, ಎಂದರೆ ಬೀದಿಯ ಕರೆಂಟಿನಂಥದೇ ನಯವಾದ ಅಲೆ ಕೊಡುವ ಇನ್ವರ್ಟರಿಗೆ ಹೆಚ್ಚು ಹಣ ಸುರಿದದ್ದಕ್ಕೆ ಹಿಂದೆ ನಾನು ಗೊಣಗಿದ್ದೆ. ಕಂಪ್ರೆಸರ್ ಇರುವ ವೈದ್ಯಕೀಯ ಯಂತ್ರಕ್ಕೆ ಅಗ್ಗದ್ದು ಒಗ್ಗುವುದಿಲ್ಲ ಎಂದು ಗಾಡಿ ಕಟ್ಟಿಕೊಟ್ಟವರು ಹೇಳಿದ್ದು ಸರಿಯಾಗಿಯೇ ಇತ್ತು.

ಅತ್ತೆಯ ಇನ್ಸುಲಿನ್ ನಮ್ಮ ಎರಡನೆಯ ಚಿಂತೆ. ಬಳಕೆಯಲ್ಲಿರುವ ಬಾಟಲಿ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ತಾಳಿಕೊಳ್ಳುತ್ತದೆ, ಆದರೆ ತೆರೆಯದವು 2ರಿಂದ 8 ಡಿಗ್ರಿಯೊಳಗೇ ಇರಬೇಕು. ಅವುಗಳನ್ನು ಡಬ್ಬಿಯ ಸಮೇತ ಗಾಡಿಯ ಫ್ರಿಜ್ಜಿಗೆ ಸಾಗಿಸಿದೆವು. ಹನ್ನೆರಡು ವೋಲ್ಟಿನ ಆ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್ಟಿನಲ್ಲಿ ಸುಧಾರಿಸಿಕೊಳ್ಳುತ್ತದೆ.

ರಾತ್ರಿಯ ಅಡುಗೆಗೆ ತೊಡಕಾಗಲಿಲ್ಲ. ಮನೆಯ ಗ್ಯಾಸ್ ಇತ್ತು. ತೊಡಕು ನೀರಿನದು. ನಮ್ಮ ಊರಿಗೆ ಕಾವೇರಿ ನೀರು ಹೊಂಗಳ್ಳಿ, ಬೆಳಗೊಳಗಳಿಂದ ಪಂಪಾಗಿ ಬರಬೇಕು. ಬಂದದ್ದು ಸಂಪಿಗೆ ಬಿದ್ದು, ಅಲ್ಲಿಂದ ಮೋಟಾರಿನಲ್ಲಿ ಮಹಡಿಯ ಟ್ಯಾಂಕಿಗೆ ಏರಬೇಕು. ಒಂದು ಅಶ್ವಶಕ್ತಿಯ ಮೋಟಾರು ಶುರುವಾಗುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದಾದ್ದರಿಂದ ಅದನ್ನು ಗಾಡಿಯ ಇನ್ವರ್ಟರಿಗೆ ಹಚ್ಚುವ ಪ್ರಶ್ನೆಯೇ ಇರಲಿಲ್ಲ. ಬಳಸುವ ನೀರನ್ನು ಬಕೆಟ್ಟಿಗೆ ಹಗ್ಗ ಕಟ್ಟಿ ಸಂಪಿನಿಂದ ಸೇದಿದೆವು. ಕುಡಿಯುವುದಕ್ಕೆ ಮತ್ತು ಅಡುಗೆಗೆ ಗಾಡಿಯ 80 ಲೀಟರ್ ಟ್ಯಾಂಕಿನ ನೀರು ಒದಗಿತು. ಆ ಟ್ಯಾಂಕನ್ನು ಆಗಾಗ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬುವುದು ನನ್ನ ಪಾಲಿನ ಕೆಲಸ. ಯಾರಿಗೂ ಕಾಣದ, ಬೇಸರ ತರಿಸುವ ಕೆಲಸವದು. ಪ್ರವಾಸದ ಗಾಡಿ ಆಪತ್ತಿಗಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಂಥ ಕೆಲಸಗಳ ಮೇಲೆಯೇ ನಿಂತಿದೆ. ಡೀಸೆಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಓಡದೆ ನಿಂತ ಗಾಡಿಯ ಟೈರು ಸವೆಯದಿದ್ದರೂ ವಯಸ್ಸಾಗುತ್ತದೆ, ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ಇಲಿಗಳಿಗಂತೂ ವೈರಿನ ಹೊದಿಕೆ ಬಲು ಇಷ್ಟ.

ರಾತ್ರಿ ಎಂಟರ ಹೊತ್ತಿಗೆ ಅಕ್ಕಪಕ್ಕದವರು ಮೊಬೈಲ್‌ಗಳನ್ನು ಹಿಡಿದು ಬಂದರು. ಮೊಬೈಲ್ ಚಾರ್ಜಿಗೆ ತಗಲುವುದು ಅಲ್ಪ, ಬೇಡ ಎನ್ನಲಾಗಲಿಲ್ಲ. ಇಸ್ತ್ರಿಪೆಟ್ಟಿಗೆಯೂ ಆಗುತ್ತದೆಯೇ ಎಂದು ಒಬ್ಬರು ಕೇಳಿದಾಗ ಮಾತ್ರ ಯಜಮಾನರು ನಯವಾಗಿ ಮಾತು ತಿರುಗಿಸಿದರು. ಗಾಡಿಯ ಎಂಜಿನ್ ಚಾಲೂ ಮಾಡಿ ಬ್ಯಾಟರಿ ತುಂಬಿಸಿಕೊಳ್ಳಿ ಎಂಬ ಸಲಹೆಯೂ ಬಂತು. ಎಂಜಿನ್ನಿನಿಂದ ಚಾರ್ಜ್ ಆಗುವ ವ್ಯವಸ್ಥೆ ಇದೆ, ನಿಜ. ಆದರೆ ಮಾವನವರು ಮಲಗಿದ್ದ ಕೋಣೆಯ ಕಿಟಕಿ ತಂತಿಯ ಸಲುವಾಗಿ ಓರೆಯಾಗಿ ತೆರೆದಿತ್ತು, ಹೊಗೆಕೊಳವೆ ಅದರ ಹತ್ತಿರವೇ ಇತ್ತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಎಂಜಿನ್ ಮುಟ್ಟುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆವು, ಬ್ಯಾಟರಿಯೂ ಬೆಳಗಿನವರೆಗೆ ಸಾಕಾಯಿತು.

ಮಾವನವರನ್ನು ಗಾಡಿಯೊಳಗೇ ಮಲಗಿಸಬಹುದಿತ್ತಲ್ಲ ಎಂದು ನಂತರ ಹಲವರು ಕೇಳಿದ್ದಾರೆ. ಅಗತ್ಯ ಬಿದ್ದರೆ ಆಗಲಿ ಎಂದೇ ಒಳಗಿನ ಮರಗೆಲಸದಲ್ಲಿ ಎಚ್ಚರ ವಹಿಸಿದ್ದೆವು. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಟ್ರೇಲರ್ ಮನೆಗಳಲ್ಲಿ, ಒಳಗೆ ಬಳಸಿದ ಮರದ ಹಲಗೆ ಮತ್ತು ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಹೆಚ್ಚಾಗಿ ಸೇರಿಕೊಂಡು ಜನ ಉಸಿರಾಟದ ತೊಂದರೆ ಹೇಳಿಕೊಂಡಿದ್ದರು. ಹಾಗಾಗಿ ಕಡಿಮೆ ಹೊರಸೂಸುವ ದರ್ಜೆಯ ಪ್ಲೈವುಡ್ಡನ್ನೇ ಹುಡುಕಿಸಿ ಹಾಕಿಸಿದೆವು. ಒಲೆಗಿರುವ ಐದು ಕೆ.ಜಿ. ಸಿಲಿಂಡರಿನ ಪೆಟ್ಟಿಗೆಗೆ ತಳದಲ್ಲಿ ಹೊರಕ್ಕೆ ತೂತಿದೆ, ಸೋರಿದ ಗ್ಯಾಸ್ ಗಾಳಿಗಿಂತ ಭಾರವಾಗಿ ಕೆಳಗೇ ಕೂರುತ್ತದೆಂಬ ಕಾರಣಕ್ಕೆ. ಇಷ್ಟೆಲ್ಲ ಇದ್ದರೂ, ಒಲೆ ಇರುವ ಇಕ್ಕಟ್ಟಿನೊಳಗೆ ಆಮ್ಲಜನಕ ಹರಿಸುವುದು ನನಗೆ ಸರಿಕಾಣದು. ಮನೆ ಗಟ್ಟಿಯಾಗಿ ನಿಂತಿರುವಾಗ ರೋಗಿ ತನ್ನ ಮಂಚದಲ್ಲೇ ಇರಲಿ, ಕರೆಂಟು ಅವರ ಬಳಿಗೆ ಬರಲಿ.

ಬೆಳಗ್ಗೆ ಬಿಸಿಲು ಚುರುಕಾಗುತ್ತಲೇ ಛಾವಣಿಯ 400 ವ್ಯಾಟ್ ಸೌರಫಲಕಗಳು ಕೆಲಸ ಶುರುಮಾಡಿದವು. ಏಪ್ರಿಲ್ ಬಿಸಿಲಿಗೆ ಅವು ದಿನಕ್ಕೆ ಒಂದೂವರೆ ಯೂನಿಟ್ ಆಸುಪಾಸು ಕೊಟ್ಟಾವು. ಆಷಾಢದ ಮೋಡದಲ್ಲಿ ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಮರ ಕಡಿದು ದಾರಿ ಬಿಡಿಸುವ ಹೊತ್ತಿಗೆ ಮಧ್ಯಾಹ್ನವಾಯಿತು, ಕಂಬ ನಿಲ್ಲಿಸಿ ಕರೆಂಟು ಬರುವ ಹೊತ್ತಿಗೆ ಸಂಜೆ.

ಆ ವಾರವೇ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಗಾಡಿಯ ತಂತಿಯನ್ನು ಕಿಟಕಿಯಿಂದ ತೂರಿಸುವ ಅಗತ್ಯವಿಲ್ಲದಂತೆ ಹೊರಗೋಡೆಗೆ ಒಂದು ಪ್ಲಗ್ ಕೂರಿಸಿ, ಮಾವನವರ ಕೋಣೆಗೆ ಮಾತ್ರ ಪ್ರತ್ಯೇಕ ಚೇಂಜ್‌ಓವರ್ ಸ್ವಿಚ್ ಹಾಕಿಸಿದೆವು. ಬೀದಿಯ ಕರೆಂಟು, ಗಾಡಿಯ ಕರೆಂಟು ಎರಡೂ ಒಟ್ಟಿಗೆ ಸೇರಲು ಅದು ಬಿಡುವುದಿಲ್ಲ. ಕೆಲಸ ಮುಗಿಯುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಬಂದು, ಮಿಕ್ಸಿಯ ಸಾಕೆಟ್ಟನ್ನೂ ಅದಕ್ಕೇ ಸೇರಿಸಿಬಿಡಪ್ಪ ಎಂದರು. ಮಿಕ್ಸಿಯ ಹಿಂಬದಿಯಲ್ಲಿ ಬರೆದಿದ್ದ 750 ವ್ಯಾಟ್ ಎಂಬುದನ್ನು ಓದಿ ನೋಡಿದ ಎಲೆಕ್ಟ್ರಿಷಿಯನ್, ಆಕ್ಸಿಜನ್ ಮಿಷನ್ ನಡೀತಿರುವಾಗ ಮಾತ್ರ ಹಾಕಬೇಡಿ ಅಜ್ಜಿ ಎಂಬ ಷರತ್ತಿನ ಮೇಲೆ ಇನ್ನೊಂದು ತಂತಿ ಎಳೆದರು.