ಸೈಕಲ್ ಹೊತ್ಕೊಂಡು ಯಾಕೆ ಓಡ್ತೀಯ? ಎಲ್ರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಸೋಮವಾರ ಬೆಳಗ್ಗೆ ಡೈರಿ ಹತ್ರ ಹಾಲು ತರಕ್ಕೆ ಹೋದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಅಲ್ಲಪ್ಪಾ, ಸೈಕಲ್ ಇರೋದು ತುಳಿಯಕ್ಕೆ, ನೀನ್ಯಾಕೆ ಅದನ್ನ ಹೆಗಲ ಮೇಲೆ ಹಾಕ್ಕೊಂಡು ಕೆಸರಲ್ಲಿ ಓಡ್ತೀಯ?" ಆಫೀಸಲ್ಲೂ ಇದೇ ಪ್ರಶ್ನೆ, ಮದುವೆ ಮನೇಲಿ ಊಟಕ್ಕೆ ಕೂತಾಗ್ಲೂ ಇದೇ ಪ್ರಶ್ನೆ. ಎಲ್ಲಾ ನಾನು ಸ್ಟೇಟಸ್‌ಗೆ ಹಾಕಿದ್ದ ಸೈಕಲ್ ರೇಸಿನ ಒಂದು ಫೋಟೋ ನೋಡಿ ಕೇಳ್ತಿರೋದು. ನಿಂತ್ಕೊಂಡು ಹೇಳೋಕೆ ಆಗೋ ಉತ್ತರ ಅಲ್ಲ ಇದು, ಅದಕ್ಕೆ ಕೂತು ಬರೀತಿದೀನಿ.

ಅಂಥ ಕೆಸರಲ್ಲಿ ತುಳಿಯೋದಕ್ಕಿಂತ ಹೊತ್ಕೊಂಡು ಓಡೋದೇ ಬೇಗ. ಅಷ್ಟೇ ಉತ್ತರ. ಆದ್ರೆ ಕೆಸರಲ್ಲಿ ಇಳಿದು ನೋಡ್ದೆ ಇರೋರಿಗೆ ಇದು ಅರ್ಥ ಆಗಲ್ಲ.

ಈ ಆಟಕ್ಕೆ ಸೈಕ್ಲೋಕ್ರಾಸ್ ಅಂತಾರೆ. ಯೂರೋಪಲ್ಲಿ ರೋಡ್ ರೇಸ್ ಸೀಸನ್ ಮುಗಿದ ಮೇಲೆ ಚಳಿಗಾಲ ಪೂರ್ತಿ ಹೊಲ, ಕಾಡು, ಮರಳು, ಕೆಸರು ಅಂತ ಬಿದ್ದು ಓಡಿಸ್ತಾರೆ. ಫ್ರಾನ್ಸಲ್ಲಿ 1902ರಲ್ಲೇ ನ್ಯಾಷನಲ್ ಚಾಂಪಿಯನ್‌ಶಿಪ್ ಆಗಿತ್ತು, ವರ್ಲ್ಡ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1950ರಲ್ಲಿ, ಮೊದಲನೇದನ್ನ ಗೆದ್ದ ಝಾನ್ ರೊಬಿಕ್ ಅದಕ್ಕೂ ಮುಂಚೆ 1947ರ ಟೂರ್ ಡಿ ಫ್ರಾನ್ಸ್ ಗೆದ್ದಿದ್ದವರು. ಈಗ ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆ ಇದು ನಮ್ಮಲ್ಲಿ ಕ್ರಿಕೆಟ್ ಇದ್ದಂಗೆ. ಒಂದು ಸುತ್ತು ಎರಡೂವರೆಯಿಂದ ಮೂರೂವರೆ ಕಿಲೋಮೀಟರ್, ದಾರಿಗೆ ಅಡ್ಡವಾಗಿ 40 ಸೆಂಟಿಮೀಟರ್ ಎತ್ತರದ ಹಲಗೆ, ಟೈರ್ 33 ಮಿಲಿಮೀಟರ್‌ಗಿಂತ ಅಗಲ ಇರಂಗಿಲ್ಲ. ನಮ್ದು ಅಷ್ಟು ದೊಡ್ಡದಲ್ಲ, ಚಿಕ್ಕಬಳ್ಳಾಪುರ ಸುತ್ತಮುತ್ತಲಿನ ಒಂದಷ್ಟು ಜನ ಸ್ನೇಹಿತರು ಸೇರಿ ನಾವೇ ಟೇಪ್ ಕಟ್ಟಿ ನಾವೇ ಓಡಿಸೋ ರೇಸು, ಸುತ್ತು ಎರಡು ಕಿಲೋಮೀಟರ್ ಒಳಗೆ, ಒಟ್ಟು ನಲವತ್ತು ನಿಮಿಷ ಸುತ್ತೋದು, ದಪ್ಪ ಟೈರಿನ ಮೌಂಟನ್ ಬೈಕು ಅಂದ್ರೆ ಎಂಟಿಬಿ ತಂದ್ರೂ ಸರಿ, ರಸ್ತೆಗೂ ಕಚ್ಚಾ ದಾರಿಗೂ ಆಗೋ ಹೈಬ್ರಿಡ್ ತಂದ್ರೂ ಸರಿ. ನಂದು ಕಚ್ಚಾ ರಸ್ತೇಲಿ ಓಡ್ಸೋ ಗ್ರಾವೆಲ್ ಬೈಕು, 38 ಮಿಲಿಮೀಟರ್ ಟೈರು.

ಇಲ್ಲಿ ಸೈಕಲ್ ಅಂದ್ರೆ ಎಲ್ರಿಗೂ ನಂದಿ ಬೆಟ್ಟವೇ, ಭಾನುವಾರ ಆದ್ರೆ ಬೆಂಗಳೂರಿಂದ ಸಾಲುಗಟ್ಟಿ ಬರ್ತಾರೆ. ನಾನೂ ನಾಲ್ಕು ವರ್ಷ ಅದನ್ನೇ ಹತ್ತಿದೀನಿ. ಬೆಟ್ಟದ ಮೇಲೆ ಪ್ರೀತಿ ಇದೆ, ಈಗ್ಲೂ ಇದೆ. ಆದ್ರೆ ನಾನು ಹುಟ್ಟಿ ಬೆಳೆದ ಊರಿನ ನೆಲ ಹೆಂಗಿದೆ ಅಂತ ಗೊತ್ತಾಗಿದ್ದು ಮಾತ್ರ ಟಾರ್ ರಸ್ತೆ ಬಿಟ್ಟ ಮೇಲೆ.

ಹೋದ ಡಿಸೆಂಬರ್‌ನ ಒಂದು ಶನಿವಾರ ಭಾನುವಾರದ ಕತೆ ಹೇಳ್ತೀನಿ. ಶನಿವಾರದ ರೇಸ್ ಇದ್ದಿದ್ದು ರಾಗಿ ಕೊಯ್ದ ಹೊಲದಲ್ಲಿ, ಹೊಲ ನಮ್ಮ ಸೋದರಮಾವಂದು, ರಾಗಿ ಮೆದೆ ಹಾಕಿ ಆಗಿತ್ತು, "ಬದು ಒಡೀಬೇಡ್ರಪ್ಪ, ಅಷ್ಟು ಸಾಕು" ಅಂದಿದ್ರು. ನೆಲ ಒಣಗಿತ್ತು. ಕೂಳೆ ಮೇಲೆ ಗಾಳಿ ಜಾಸ್ತಿ ಇರೋ ಟೈರ್ ಓಡಿಸಿದ್ರೆ ಹಲ್ಲೆಲ್ಲಾ ಅಲ್ಲಾಡುತ್ತೆ, ಅದಕ್ಕೆ ಗಾಳಿ ಒತ್ತಡನ 25 ಪಿಎಸ್‌ಐಗೆ ಇಳಿಸಿದ್ದೆ. ನೆಗ್ಗಿನ ಮುಳ್ಳು ಬೇರೆ, ಟ್ಯೂಬ್‌ಲೆಸ್ ಹಾಕಿ ಒಳಗೆ ತೂತು ಮುಚ್ಚೋ ಸೀಲೆಂಟ್ ಹುಯ್ದಿಲ್ಲ ಅಂದ್ರೆ ಎರಡನೇ ಸುತ್ತಿಗೆ ರೇಸ್ ಮುಗೀತು ಅಂತಲೇ.

ಹಲಗೆ ಹತ್ರ ಇಳಿಯೋದೇ ಒಂದು ವಿದ್ಯೆ. ಹತ್ತು ಮೀಟರ್ ಮುಂಚೆ ಬಲಗಾಲನ್ನ ಹಿಂದಿನಿಂದ ಈ ಕಡೆ ತಂದು, ಎಡಗಾಲ ಪೆಡಲ್ ಮೇಲೆ ಒಂಟಿಕಾಲಲ್ಲಿ ನಿಂತ್ಕೊಂಡೇ ಸೈಕಲ್ ಹರಿಬಿಡ್ಬೇಕು. ಹಲಗೆ ಹತ್ರ ಬಂದ ಕೂಡ್ಲೇ ಶೂನ ಪೆಡಲ್‌ಗೆ ಕಚ್ಚಿಸೋ ಕ್ಲೀಟ್ ಬಿಡಿಸಿ ನೆಲಕ್ಕೆ ಹಾರಿದ್ರೆ ಇಳಿದಂಗೂ ಇರಲ್ಲ, ಓಟ ಆಗಲೇ ಶುರುವಾಗಿರುತ್ತೆ. ಎಡಗಡೆನೇ ಇಳಿಯೋದ್ಯಾಕೆ ಅಂದ್ರೆ ಚೈನ್ ಬಲಗಡೆ ಇರುತ್ತೆ, ಮೈಗೆ ತಾಗಬಾರದು. ವಾಪಸ್ ಹತ್ತುವಾಗ ಸೀಟ್ ಮೇಲೆ ನೇರವಾಗಿ ಕೂರಕ್ಕೆ ಹೋಗ್ಬಾರ್ದು, ಬಲತೊಡೆ ಒಳಭಾಗ ಸೀಟಿಗೆ ತಾಗೋ ಹಂಗೆ ಜಾರಬೇಕು. ನಾನಿದನ್ನ ಮನೆ ಹಿಂದಿನ ಕಣದಲ್ಲಿ ಎರಡು ತಿಂಗಳು ದಿನಾ ಸಾಯಂಕಾಲ ಕಲಿತಿದ್ದು. ಶನಿವಾರ ಇಪ್ಪತ್ಮೂರು ಜನರಲ್ಲಿ ಹನ್ನೊಂದನೆಯವನಾಗಿ ಬಂದೆ, ಒಂದು ಹಲಗೇನೂ ತಾಗಿಸಲಿಲ್ಲ, ಅದು ನಂಗೆ ದೊಡ್ಡ ಖುಷಿ.

ರಾತ್ರಿ ಮಳೆ ಬಂತು. ಚೆನ್ನೈ ಕಡೆ ವಾಯುಭಾರ ಕುಸಿತ ಆದ್ರೆ ನಮ್ಮ ಕಡೆನೂ ಸೋನೆ ಹಿಡ್ಕೊಳುತ್ತೆ, ಕೊಯ್ದು ಹೊಲದಲ್ಲೇ ಬಿಟ್ಟಿರೋರ ರಾಗಿ ನೆನೆಯುತ್ತೆ, ಅದು ನೆನಪಾದ್ರೆ ಕೆಸರು ಸಿಗುತ್ತೆ ಅಂತ ಖುಷಿ ಪಡಕ್ಕೂ ಮನಸ್ಸು ಬರಲ್ಲ.

ಭಾನುವಾರದ್ದು ಕೆರೆ ಪಕ್ಕ. ನಾವು ಚಿಕ್ಕೋರಿದ್ದಾಗ ಈ ಕೆರೇಲಿ ಕ್ರಿಕೆಟ್ ಆಡ್ತಿದ್ವಿ, ನೀರೇ ಇರ್ತಿರಲಿಲ್ಲ, ಈಗ ಬೆಂಗಳೂರಿನ ಹೆಬ್ಬಾಳ ನಾಗವಾರ ಕಡೆಯಿಂದ ಸಂಸ್ಕರಿಸಿದ ನೀರನ್ನ ಪೈಪಲ್ಲಿ ತಂದು ನಮ್ಮ ಜಿಲ್ಲೆ ಕೆರೆಗಳಿಗೆ ಬಿಡ್ತಾರಲ್ಲ, ಆ ಎಚ್‌ಎನ್ ವ್ಯಾಲಿ ನೀರು ಬಂದ ಮೇಲೆ ಅಂಗಳದ ಅಂಚು ವರ್ಷ ಪೂರ್ತಿ ಮೆತ್ತಗೇ ಇರುತ್ತೆ. ಕೋರ್ಸು ಅಂಗಳದ ಅಂಚಲ್ಲಿ ಹೋಗಿ, ಕೋಡಿ ಪಕ್ಕದ ಕಲ್ಲಿನ ಮೆಟ್ಟಿಲು ಹತ್ತಿ, ಏರಿ ಮೇಲೆ ಬಂದು, ತೂಬಿನ ಹತ್ರ ಇಳಿಯುತ್ತೆ.

ಕೆರೆ ಗೋಡು ಹೆಂಗಿರುತ್ತೆ ಅಂತ ರೈತರಿಗೆ ಹೇಳ್ಬೇಕಿಲ್ಲ. ಅದು ಮೊದಲು ಟೈರಿಗೆ ಮೆತ್ಕೊಳುತ್ತೆ, ಆಮೇಲೆ ಮುಂದಿನ ಚಕ್ರ ಹಿಡಿಯೋ ಫೋರ್ಕಿಗೂ ಟೈರಿಗೂ ನಡುವೆ ಮುದ್ದೆ ಥರ ಕೂರುತ್ತೆ, ಇನ್ನೊಂದು ಹತ್ತು ಹೆಜ್ಜೆಗೆ ಚಕ್ರ ತಿರುಗೋದೇ ನಿಲ್ಲುತ್ತೆ. ಆಗ ತಳ್ಳಿದ್ರೆ ಇನ್ನಷ್ಟು ಮಣ್ಣು ಬಾಚ್ಕೊಳುತ್ತೆ, ಹೊರೆ ಜಾಸ್ತಿ ಆಗುತ್ತೆ. ಅದಕ್ಕೇ ಚಕ್ರ ಇನ್ನೂ ತಿರುಗ್ತಿರೋವಾಗ್ಲೇ ಇಳಿದು, ಬಲಗೈಯನ್ನ ಫ್ರೇಮಿನ ತ್ರಿಕೋನದೊಳಗೆ ತೂರಿಸಿ, ಮೇಲಿನ ಪೈಪು ಹೆಗಲ ಮೇಲೆ ಬರೋ ಹಂಗೆ ಎತ್ತಿ, ಕೆಳಗಿಂದ ಬಂದ ಅದೇ ಕೈಯಲ್ಲಿ ಹ್ಯಾಂಡಲ್ ಹಿಡ್ಕೊಂಡು ಓಡ್ಬೇಕು. ಎಡಗೈ ಬೀಸಕ್ಕೆ ಬಿಡ್ಬೇಕು, ಇಲ್ದಿದ್ರೆ ಕಾಲು ಜಾರಿದಾಗ ಮೈ ನಿಲ್ಲಲ್ಲ. ದೊಡ್ಡ ರೇಸಲ್ಲಿ ಪಿಟ್ ಇರುತ್ತೆ, ಕೆಸರಾದ ಸೈಕಲ್ ಕೊಟ್ಟು ತೊಳೆದಿಟ್ಟ ಇನ್ನೊಂದು ತಗೊಂಡು ಹೋಗ್ತಾರೆ. ನಮಗೆ ಒಂದೇ ಸೈಕಲ್ಲು, ಒಂದು ಬಕೆಟ್ ನೀರು, ಮಣ್ಣು ಕೆರೆಯಕ್ಕೆ ಒಂದು ಕಡ್ಡಿ.

ನಮ್ಮಪ್ಪ ಅವತ್ತು ಏರಿ ಮೇಲೆ ನಿಂತು ನೋಡ್ತಿದ್ರು. ಮೊದಲನೇ ಸಲ ಬಂದಿದ್ದು ಅವರು. ರೇಸ್ ಮುಗಿದ ಮೇಲೆ ಹೇಳಿದ್ರು, ಶಿಡ್ಲಘಟ್ಟ ಮಾರ್ಕೆಟ್‌ಗೆ ರೇಷ್ಮೆ ಗೂಡು ತಗೊಂಡು ಹೋಗ್ತಿದ್ದ ಕಾಲದಲ್ಲಿ ಒಂದು ವರ್ಷ ಕೋಡಿ ಹರೀತಿತ್ತಂತೆ, ಮೊದಲು ಗೂಡಿನ ಮೂಟೆ ತಲೆ ಮೇಲಿಟ್ಟು ದಾಟಿಸಿ, ವಾಪಸ್ ಬಂದು ಸೈಕಲ್ ಹೊತ್ಕೊಂಡು ದಾಟಿದ್ರಂತೆ. "ಗೂಡು ತೂತು ಮಾಡಿ ಚಿಟ್ಟೆ ಹೊರಗೆ ಬರೋದ್ರೊಳಗೆ ಮಾರ್ಕೆಟ್ ಸೇರ್ಬೇಕಲ್ಲ, ಸೈಕಲ್ ಬಿಟ್ಟು ಹೋಗಕ್ಕಾಗುತ್ತಾ?" ಅಂದ್ರು. ಮೂವತ್ತೈದು ವರ್ಷದಲ್ಲಿ ಈ ಮಾತು ನಾನು ಕೇಳೇ ಇರಲಿಲ್ಲ. ಅವರು ಮಾತ್ರ ನನ್ನನ್ನ ಆ ಪ್ರಶ್ನೆ ಯಾವತ್ತೂ ಕೇಳಿಲ್ಲ ಅನ್ನೋದು ಆಗ ಹೊಳೀತು.

ಕೊನೇ ಸುತ್ತಿಗೆ ಹುಡುಗ್ರು ಗಂಟೆ ಬದಲು ತಮಟೆ ಬಡಿದ್ರು. ನನಗೂ ಗೌರಿಬಿದನೂರಿನ ಪಿಟಿ ಮೇಷ್ಟ್ರಿಗೂ ಹದಿನಾಲ್ಕನೇ ಜಾಗಕ್ಕೆ ಪೈಪೋಟಿ. ಗೆದ್ದೋನು ಆಗಲೇ ಮುಗಿಸಿ ಟೀ ಕುಡೀತಿದ್ದ, ಆದ್ರೂ ನಮ್ಮಿಬ್ರಿಗೆ ಆ ಜಾಗ ಅಷ್ಟು ಮುಖ್ಯ ಆಗಿತ್ತು, ಅದಕ್ಕಿಂತ ಮುಖ್ಯ ಆಗಿದ್ದು ಆ ಹೊತ್ತಲ್ಲಿ ಬೇರೇನೂ ಇರಲಿಲ್ಲ. ಮೇಷ್ಟ್ರು ಎಂಟಿಬಿ ಮೇಲೆ ಕೆಸರಲ್ಲಿ ತುಳ್ಕೊಂಡೇ ಹೋದ್ರು, ದಪ್ಪ ಟೈರು, ಅವರಿಗೆ ಆಗುತ್ತೆ. ನಾನು ಹದಿನೈದು ಮೀಟರ್ ಮುಂಚೇನೇ ಇಳಿದು ಹೊತ್ಕೊಂಡು ಓಡಿದೆ. ಮೆಟ್ಟಿಲ ಹತ್ರ ಅವರು ಇಳಿದು ಸೈಕಲ್ ಎತ್ತೋ ಅಷ್ಟರಲ್ಲಿ ನಾನು "ಸಾರ್, ಬಲಗಡೆ ಬರ್ತಿದೀನಿ" ಅಂದೆ, ಅವರು ಜಾಗ ಬಿಟ್ರು, ಏರಿ ಮೇಲೆ ಬಂದಾಗ ನಾನು ಮುಂದೆ ಇದ್ದೆ, ಗೆರೆ ದಾಟೋವರೆಗೂ ಹಂಗೇ ಇದ್ದೆ.

ಸೈಕಲ್ ಯಾಕೆ ಹೊತ್ತೆ ಅಂತ ಕೇಳಿದ್ರಲ್ಲ, ಇದಕ್ಕೇ ಹೊತ್ತಿದ್ದು.

ಮಳೆ ಬಿಟ್ಟ ಮೇಲೆ ಮತ್ತೆ ಮಾಡ್ತೀವಿ. ನೋಡಕ್ಕೆ ಬರೋರು ಕೋಡಿ ಮೆಟ್ಟಿಲ ಹತ್ರ ನಿಂತ್ಕೊಳ್ಳಿ, ಎಲ್ರೂ ಇಳಿಯೋದು ಅಲ್ಲೇ. ಓಡಿಸೋ ಆಸೆ ಇರೋರು ಮನೇಲಿರೋ ಸೈಕಲ್ಲೇ ತನ್ನಿ, ಮುಂದಿನ ಬುಟ್ಟಿ, ಸ್ಟ್ಯಾಂಡು, ಮಡ್‌ಗಾರ್ಡು ಮಾತ್ರ ಬಿಚ್ಚಿ ತನ್ನಿ.